‘ಸರ್ವರ್ ಡೌನ್’ ಅಂದರೆ ಯಾವ ಸರ್ವರ್?

‘ಸರ್ವರ್ ಡೌನ್ ಅದ ರೀ, ನಾಳಿ ಬರ್ರಿ.’

ಬೀದರ್ ಜಿಲ್ಲೆಯಲ್ಲಿ ಪಹಣಿಗೋ, ಜಾತಿ-ಆದಾಯ ಪ್ರಮಾಣಪತ್ರಕ್ಕೋ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವುದಕ್ಕೋ ಪಾಳಿ ಹಚ್ಚಿ ನಿಂತವರಿಗೆಲ್ಲ ಈ ಮಾತು ಬಾಯಿಪಾಠ. ಹೇಳುವವರಿಗೂ ಅಷ್ಟೇ. ಯಾವ ಸರ್ವರ್, ಅದು ಎಲ್ಲಿದೆ, ಕೆಟ್ಟಿದ್ದು ಅದೋ ಇಲ್ಲ ಅಲ್ಲಿಗೆ ಹೋಗುವ ದಾರಿಯೋ ಎಂದು ಕೇಳಿದರೆ ಇಬ್ಬರ ಬಳಿಯೂ ಉತ್ತರವಿಲ್ಲ. ತಮಾಷೆ ಎಂದರೆ ಉತ್ತರ ಬಹಳ ಸಲ ಪರದೆಯ ಮೇಲೆ ಒಂದು ಸಾಲಿನ ಇಂಗ್ಲಿಷಿನಲ್ಲಿ ಬಂದೇ ಇರುತ್ತದೆ. ನಾವು ಅದನ್ನು ಓದುವುದಿಲ್ಲ. ‘ಓಕೆ’ ಒತ್ತಿ ಮುಚ್ಚುತ್ತೇವೆ.

ಆ ಒಂದು ಸಾಲನ್ನು ಓದಲು ಕಲಿತರೆ ಕಂಪ್ಯೂಟರ್ ರಿಪೇರಿಯವನನ್ನು ಕರೆಸುವ ಅರ್ಧದಷ್ಟು ಸಂದರ್ಭಗಳು ತಪ್ಪುತ್ತವೆ ಎಂಬುದು ನನ್ನ ನಂಬಿಕೆ. ಅದಕ್ಕೆ ಮೊದಲು ‘ಸರ್ವರ್’ ಎಂಬುದು ಎಲ್ಲಿಂದ ಎಲ್ಲಿಗೆ ಹೋಗಿ ಕೂತಿದೆ ಎಂಬುದನ್ನು ಸ್ವಲ್ಪ ನೋಡಬೇಕು.

ಉದಾಹರಣೆಗೆ ಹಲಬರ್ಗಾವನ್ನು ನೋಡಿ. ಅದು ಭಾಲ್ಕಿ ತಾಲ್ಲೂಕಿನ ಹೋಬಳಿ ಊರು. 2001ರ ಸುಮಾರಿಗೆ ಕಂದಾಯ ಇಲಾಖೆ ಮತ್ತು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಸೇರಿ ‘ಭೂಮಿ’ ಯೋಜನೆಯನ್ನು ರಾಜ್ಯದ ತಾಲ್ಲೂಕು ಕಚೇರಿಗಳಿಗೆ ತಂದಾಗ, ಇಲ್ಲಿಯ ರೈತ ಪಹಣಿಗಾಗಿ ಭಾಲ್ಕಿಗೆ ಹೋಗಬೇಕಿತ್ತು. ರಾಜ್ಯದಾದ್ಯಂತ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಆಗ ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಕೈಗೆ ಬರುತ್ತಿತ್ತು. ಆಗಿನ ಏರ್ಪಾಟಿನಲ್ಲಿ ತಾಲ್ಲೂಕಿಗೊಂದು ಡೇಟಾಬೇಸ್, ಅದನ್ನು ಹೊತ್ತ ಸರ್ವರ್ ಅದೇ ಕಚೇರಿಯ ಒಂದು ಕೋಣೆಯಲ್ಲಿ. ಕೌಂಟರಿನ ಕಂಪ್ಯೂಟರಿನಿಂದ ಹೊರಟ ಕೇಬಲ್ಲು ಗೋಡೆ ದಾಟಿದರೆ ಸರ್ವರ್ ಸಿಕ್ಕಿತು. ಅಂದು ಯಾರಾದರೂ ಸರ್ವರ್ ಡೌನ್ ಎಂದಿದ್ದರೆ ಎದ್ದು ಹೋಗಿ ನೋಡಿಬರಬಹುದಿತ್ತು.

ಮುಂದೆ ತಾಲ್ಲೂಕುಗಳ ಡೇಟಾಬೇಸುಗಳನ್ನು ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಒಯ್ದರು. ನಾಡಕಚೇರಿಗಳು 2012ರಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳಾದವು. ಹೋಬಳಿಯಲ್ಲೇ ಕಾಗದ ಸಿಗುವಂತಾಯಿತು, ನಿಜ. ಆದರೆ ಪಹಣಿಯ ಪ್ರತಿ ಕೇಳಿದಾಗಲೆಲ್ಲ ಆ ಪ್ರಶ್ನೆ ಸುಮಾರು 700 ಕಿ.ಮೀ. ದೂರ ಹೋಗಿ ಬರಬೇಕು. ದೂರ ಒಂದು ಸಮಸ್ಯೆಯಲ್ಲ. ಬೆಳಕು ಗಾಜಿನ ತಂತಿಯಲ್ಲಿ ಅಷ್ಟು ದಾರಿಯನ್ನು 3.5 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಸಮಸ್ಯೆ ಇರುವುದು ನಡುವಿನ ಕಟ್ಟೆಗಳಲ್ಲಿ: ಕಚೇರಿಯ ಸ್ವಿಚ್ಚು, ರೂಟರ್, ತಾಲ್ಲೂಕಿನ ಕೊಂಡಿ, ಜಿಲ್ಲೆಯ ಕೊಂಡಿ, ದತ್ತಾಂಶ ಕೇಂದ್ರದ ಫೈರ್‌ವಾಲ್, ಕೊನೆಗೆ ಡೇಟಾಬೇಸ್. ರಸ್ತೆ ಅಗೆಯುವ ಯಂತ್ರ ಎಲ್ಲೋ ಒಂದು ಫೈಬರ್ ಕಡಿದರೂ ಹಲಬರ್ಗಾದ ಕೌಂಟರಿನಲ್ಲಿ ಬರುವ ಮಾತು ಅದೇ, ಬೆಂಗಳೂರಿನ ಯಂತ್ರ ಆರಿಹೋದರೂ ಅದೇ.

ಸಹಕಾರ ಸಂಘಗಳೂ ಅದೇ ದಾರಿ ಹಿಡಿದಿವೆ. ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆ ಸಂಘಗಳ ಲೆಕ್ಕಪತ್ರವೆಲ್ಲ ದೂರದ ಸಾಮಾನ್ಯ ತಂತ್ರಾಂಶದಲ್ಲಿ. ಅಂಥ ಕಡೆ ನಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ.

ಕೈಯಲ್ಲಿ ಇರುವುದು ಅಂಗಡಿ, ಆಸ್ಪತ್ರೆ, ಶಾಲೆ, ದಾಲ್ ಮಿಲ್‌ಗಳ ಒಳಕೋಣೆಯ ಸರ್ವರುಗಳು. ಹಲಬರ್ಗಾದಂಥ ಊರಿನ ಬೀಜ-ಗೊಬ್ಬರದ ಅಂಗಡಿ ಒಂದನ್ನು ಊಹಿಸಿಕೊಳ್ಳಿ. ಮೃಗಶಿರ ಮಳೆ ಬಿದ್ದಿದೆ; ಸೋಯಾ, ಹೆಸರು, ಉದ್ದು, ತೊಗರಿಯ ಬೀಜಕ್ಕೆ ಜನ ಮುಗಿಬಿದ್ದಿದ್ದಾರೆ. ಒಳಕೋಣೆಯಲ್ಲಿ ಹಳೆಯದೊಂದು ಕಂಪ್ಯೂಟರ್, ಅದರಲ್ಲಿ ದಾಸ್ತಾನು ಮತ್ತು ಉದ್ರಿ ಲೆಕ್ಕದ ಡೇಟಾಬೇಸ್. ಮುಂದೆ ಗಲ್ಲಾದ ಮೇಲೆ ಲ್ಯಾಪ್‌ಟಾಪ್, ಬಿಲ್ ಬರುವುದು ಅದರಿಂದ. ನಡುವೆ ಒಂದು ವೈಫೈ ರೂಟರ್. ಕರೆಂಟು ಹೋಯಿತು, ಅರ್ಧ ತಾಸಿಗೆ ಬಂತು. ಬಿಲ್ ನಿಂತಿತು. ಮಾಲೀಕರು ಬೀದರ್‌ನಲ್ಲಿರುವ ಸಾಫ್ಟ್‌ವೇರ್ ಹುಡುಗನಿಗೆ ಫೋನು ಹಚ್ಚುತ್ತಾರೆ.

‘ತಮ್ಮಾ, ಬಿಲ್ ಬರವಲ್ದು. ಮುಂಜಾನಿ ತನಕ ಛಲೋ ನಡದಿತ್ತಲ್ಲ?’

‘ಪರದೆ ಮ್ಯಾಲ ಏನ್ ಬರದದ ಓದ್ರಿ ಕಾಕಾ.’

‘ಏನೋ ಇಂಗ್ಲಿಷಿನಾಗ ಅದ.’

‘ಅದೇ ಓದ್ರಿ.’

ಹುಡುಗ ಜಾಣ. ಒಂದು ಪ್ರೋಗ್ರಾಂ ಬೇರೊಂದು ಯಂತ್ರದ ಡೇಟಾಬೇಸನ್ನು ತಲುಪಬೇಕಾದರೆ ಅದಕ್ಕೆ ಗೊತ್ತಿರಬೇಕಾದದ್ದು ಐದೇ ಸಂಗತಿ: ಆ ಯಂತ್ರದ ವಿಳಾಸ, ಪೋರ್ಟ್ ಸಂಖ್ಯೆ, ಡೇಟಾಬೇಸಿನ ಹೆಸರು, ಬಳಕೆದಾರನ ಹೆಸರು, ಪಾಸ್‌ವರ್ಡ್. ಸಾಮಾನ್ಯವಾಗಿ ಇವೆಲ್ಲ ಬಿಲ್ಲಿಂಗ್ ತಂತ್ರಾಂಶದ ‘ಸರ್ವರ್ ಸೆಟ್ಟಿಂಗ್’ ಎಂಬ ಕಿಟಕಿಯಲ್ಲೋ, ಅದರ ಫೋಲ್ಡರಿನ ಒಂದು ಚಿಕ್ಕ ಕಡತದಲ್ಲೋ ಇರುತ್ತವೆ. ಐದರಲ್ಲಿ ಯಾವುದು ತಪ್ಪಿದೆ ಎನ್ನುವುದಕ್ಕೆ ತಕ್ಕಂತೆ ಪರದೆಯ ಸಾಲು ಬದಲಾಗುತ್ತದೆ.

ಕರೆಂಟು ಹೋಗಿಬಂದ ಕಥೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ವಿಳಾಸವನ್ನು. ಮನೆ-ಅಂಗಡಿಯ ರೂಟರ್ ತನ್ನ ಬಳಿ ಬಂದ ಯಂತ್ರಗಳಿಗೆ 192.168.1.5, 192.168.1.6 ಎಂಬಂತೆ ವಿಳಾಸ ಹಂಚುತ್ತದೆ. ಹೀಗೆ ಒಳಗೊಳಗೇ ಬಳಸಿಕೊಳ್ಳಲೆಂದು 192.168, 10 ಮತ್ತು 172.16ರಿಂದ 172.31ರವರೆಗಿನ ಸಾಲುಗಳನ್ನು 1990ರ ದಶಕದಲ್ಲೇ ಮೀಸಲಿಟ್ಟಿದ್ದಾರೆ. ಅದಕ್ಕೇ ಹಲಬರ್ಗಾದ ಅಂಗಡಿಯಲ್ಲೂ ಔರಾದಿನ ದವಾಖಾನೆಯಲ್ಲೂ ಅದೇ 192.168.1.5 ಇರಬಹುದು, ಒಂದಕ್ಕೊಂದು ಸಂಬಂಧವಿಲ್ಲ. ಈ ಹಂಚಿಕೆ ಕಾಯಂ ಅಲ್ಲ. ರೂಟರ್ ಆರಿ ಹೊತ್ತಿದಾಗ ಒಳಕೋಣೆಯ ಯಂತ್ರಕ್ಕೆ ಬೇರೆ ವಿಳಾಸ ಸಿಕ್ಕಿರಬಹುದು. ಲ್ಯಾಪ್‌ಟಾಪ್ ಮಾತ್ರ ಹಳೆಯ ವಿಳಾಸಕ್ಕೇ ಕೂಗುತ್ತಿದೆ.

ಹೊಸ ವಿಳಾಸ ಕಂಡುಕೊಳ್ಳುವುದು ಕಷ್ಟವಲ್ಲ. ಡೇಟಾಬೇಸ್ ಇರುವ ಕಂಪ್ಯೂಟರಿನ ಮುಂದೆ ಕೂತು (ಲ್ಯಾಪ್‌ಟಾಪಿನ ಮುಂದೆ ಅಲ್ಲ, ಈ ಅದಲುಬದಲು ಬಹಳ ಆಗುತ್ತದೆ) ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಆಜ್ಞೆ ಕೊಟ್ಟರೆ ‘ಐಪಿವಿ4 ಅಡ್ರೆಸ್’ ಎಂಬ ಸಾಲು ಬರುತ್ತದೆ. ತೊಂದರೆ ಏನೆಂದರೆ ಅಂಥ ಸಾಲು ಒಂದೇ ಇರುವುದಿಲ್ಲ. ಕೇಬಲ್ಲಿಗೊಂದು, ವೈಫೈಗೊಂದು, ಹಿಂದೆ ಯಾರೋ ಹಾಕಿಟ್ಟ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದ್ದು ಮತ್ತೊಂದು. 192.168.56.1 ಕಂಡರೆ ಅದು ಹೆಚ್ಚಾಗಿ ಈ ವರ್ಚುವಲ್‌ಬಾಕ್ಸಿನದು, ನಿಮಗೆ ಬೇಕಾದದ್ದಲ್ಲ. ಯಾವ ಗುಂಪಿನಲ್ಲಿ ‘ಡಿಫಾಲ್ಟ್ ಗೇಟ್‌ವೇ’ ಎಂಬ ಸಾಲು ಖಾಲಿ ಇಲ್ಲವೋ, ಅದರ ಸಂಖ್ಯೆಯನ್ನು ಹಿಡಿಯಿರಿ. ಲ್ಯಾಪ್‌ಟಾಪಿನಲ್ಲೂ ಅದೇ ಆಜ್ಞೆ ಕೊಟ್ಟು ನೋಡಿ. ಸಣ್ಣ ರೂಟರಿನ ಜಾಲದಲ್ಲಿ ಮೊದಲ ಮೂರು ಭಾಗ ಎರಡೂ ಕಡೆ ಒಂದೇ ಇರಬೇಕು. 169.254ರಿಂದ ಶುರುವಾಗುವ ವಿಳಾಸ ಕಂಡರೆ ಯಂತ್ರಕ್ಕೆ ರೂಟರಿನಿಂದ ವಿಳಾಸವೇ ಸಿಗದೆ ಅದು ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಆಗ ಸೆಟ್ಟಿಂಗ್ ಮುಟ್ಟಬೇಡಿ, ಕೇಬಲ್ ನೋಡಿ.

ಪ್ರತಿ ಸಲ ಇದೇ ಪಾಡು ಬೇಡವೆಂದರೆ ರೂಟರಿನ ಪುಟದಲ್ಲಿ ಆ ಯಂತ್ರಕ್ಕೆ ಒಂದು ವಿಳಾಸವನ್ನು ಕಾಯ್ದಿರಿಸಬಹುದು. ಹತ್ತು ನಿಮಿಷದ ಕೆಲಸ. ಇನ್ನೊಂದು ಸುಲಭ ಉಪಾಯ, ರೂಟರಿಗೂ ಯುಪಿಎಸ್ ಕೊಡುವುದು. ಕಂಪ್ಯೂಟರಿಗೆ ಸಾವಿರಾರು ರೂಪಾಯಿಯ ಬ್ಯಾಟರಿ ಇಟ್ಟು ರೂಟರನ್ನು ನೇರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಪದ್ಧತಿ ನಮ್ಮಲ್ಲಿ ಯಾಕೆ ಬೇರೂರಿದೆಯೋ.

ವಿಳಾಸದ ನಂತರ ಪೋರ್ಟ್. ಒಂದೇ ಯಂತ್ರದಲ್ಲಿ ಹತ್ತಾರು ಪ್ರೋಗ್ರಾಂಗಳು ಹೊರಗಿನ ಮಾತಿಗಾಗಿ ಕಾಯುತ್ತಿರುತ್ತವೆ. ಬಂದ ಮಾತು ಯಾವುದಕ್ಕೆ ಎಂದು ತಿಳಿಯಲು ಒಂದು ಸಂಖ್ಯೆ ಬೇಕು, ಅದು 65535ರ ಒಳಗೆ. ಮೈಎಸ್‌ಕ್ಯೂಎಲ್‌ಗೆ ರೂಢಿಯ ಸಂಖ್ಯೆ 3306, ಪೋಸ್ಟ್‌ಗ್ರೆಸ್‌ಗೆ 5432, ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರಿಗೆ 1433, ಒರಾಕಲ್‌ಗೆ 1521. ಟ್ಯಾಲಿ ಬಳಸುವವರಿಗೆ 9000 ಪರಿಚಿತ. ಆದರೆ ಇವು ರೂಢಿ ಮಾತ್ರ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚೆನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಸೀಮೆಯಲ್ಲಿ ಎಲ್ಲರೂ ಬಲ್ಲರು. ಪೋರ್ಟ್ ಸಂಖ್ಯೆಯೂ ಹೊರಗಿನ ಬೋರ್ಡೇ. 3306 ಎಂಬ ಬೋರ್ಡಿನ ಒಳಗೆ ಬೇರೆ ಯಾವುದೋ ಪ್ರೋಗ್ರಾಂ ಇರಬಹುದು, ನಿಮ್ಮ ಮೈಎಸ್‌ಕ್ಯೂಎಲ್ 3307ರಲ್ಲಿ ಕೂತಿರಬಹುದು. ಅಂಗಡಿಗಳಲ್ಲಿ ಹೆಚ್ಚಾಗಿರುವ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಆವೃತ್ತಿಯಂತೂ ಪ್ರತ್ಯೇಕ ಹೆಸರಿನ ‘ಇನ್‌ಸ್ಟೆನ್ಸ್’ ಆಗಿ ಕೂತು, ಪೋರ್ಟನ್ನು ತಾನೇ ಆರಿಸಿಕೊಳ್ಳುತ್ತದೆ. ಆ ಸಂಖ್ಯೆ ಯಾವುದೆಂದು ಹೇಳಲು ‘ಬ್ರೌಸರ್’ ಎಂಬ ಇನ್ನೊಂದು ಸೇವೆ 1434ರಲ್ಲಿ ಕಾದಿರಬೇಕು. ಅದು ನಿಂತಿದ್ದರೆ ‘ಇನ್‌ಸ್ಟೆನ್ಸ್ ಸಿಗುತ್ತಿಲ್ಲ’ ಎನ್ನುವ 26ನೇ ಸಂಖ್ಯೆಯ ತಕರಾರು ಬರುತ್ತದೆ. ಜತೆಗೆ ಈ ಆವೃತ್ತಿಯನ್ನು ಹೊಸದಾಗಿ ಹಾಕಿದಾಗ ಹೊರಗಿನ ಯಂತ್ರಗಳ ಮಾತನ್ನು ಅದು ಕೇಳುವುದೇ ಇಲ್ಲ. ಅದರ ಕಾನ್ಫಿಗರೇಷನ್ ಮ್ಯಾನೇಜರಿನಲ್ಲಿ ಟಿಸಿಪಿ-ಐಪಿ ಎಂಬುದನ್ನು ಚಾಲೂ ಮಾಡಿ ಸೇವೆಯನ್ನು ಮತ್ತೆ ಶುರು ಮಾಡಬೇಕು.

ಈಗ ಪರದೆಯ ಸಾಲುಗಳು.

‘ಟೈಮ್ಡ್ ಔಟ್’ ಎಂದಿದ್ದರೆ ಕೂಗಿಗೆ ಯಾರೂ ಓಗೊಡಲಿಲ್ಲ ಎಂದು ಅರ್ಥ. ವಿಳಾಸ ತಪ್ಪಿರಬಹುದು, ಯಂತ್ರ ಆರಿರಬಹುದು, ಫೈರ್‌ವಾಲ್ ಎಂಬ ಕಾವಲು ತಂತ್ರಾಂಶ ಸದ್ದಿಲ್ಲದೆ ಕೂಗನ್ನು ನುಂಗಿರಬಹುದು. ವಿಂಡೋಸ್ ಯಾವುದೇ ಹೊಸ ವೈಫೈಯನ್ನು ‘ಪಬ್ಲಿಕ್’ ಎಂದು ಎಣಿಸಿದರೆ ಫೈರ್‌ವಾಲ್ ಬಿಗಿಯಾಗುತ್ತದೆ. ರೂಟರ್ ಬದಲಿಸಿದ ಮರುದಿನ ಬಿಲ್ಲಿಂಗ್ ನಿಲ್ಲುವುದಕ್ಕೆ ಇದು ಸಾಮಾನ್ಯ ಕಾರಣ. ಸಾಫ್ಟ್‌ವೇರ್ ಹುಡುಗರು ಮೊದಲು ‘ಪಿಂಗ್’ ಮಾಡಿ, ಅಂದರೆ ಯಂತ್ರ ಓಗೊಡುತ್ತದೆಯೇ ಎಂದು ಕೂಗಿ ನೋಡುತ್ತಾರೆ. ಪಿಂಗ್‌ಗೆ ಉತ್ತರ ಬರದಿದ್ದರೆ ಯಂತ್ರ ಸತ್ತಿದೆ ಎನ್ನಲಾಗದು, ಏಕೆಂದರೆ ಫೈರ್‌ವಾಲ್ ಪಿಂಗನ್ನೇ ತಡೆಯಬಹುದು. ಉತ್ತರ ಬಂದರೂ ಡೇಟಾಬೇಸ್ ಕೇಳುತ್ತಿದೆ ಎನ್ನಲಾಗದು. ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ ಎಂಬ ಆಜ್ಞೆಗೆ ವಿಳಾಸವನ್ನೂ ಪೋರ್ಟನ್ನೂ ಕೊಟ್ಟು ಕೇಳುವುದು ನೆಟ್ಟಗಿನ ದಾರಿ. ಇನ್ನೊಂದು ಸಾಧ್ಯತೆ, ಆ ಕಡೆಯ ಯಂತ್ರ ಬದುಕಿದ್ದೂ ಉತ್ತರಿಸಲು ಪುರಸೊತ್ತಿಲ್ಲದಿರುವುದು. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ಯಾರೋ ಹುಸಿ ಕೋರಿಕೆಗಳ ಮಳೆಗರೆದು ರಾಜ್ಯದಾದ್ಯಂತ ಆಸ್ತಿ ನೋಂದಣಿಯನ್ನು ಕುಂಟುವಂತೆ ಮಾಡಿದರು. ಅಲ್ಲಿ ಸೆಟ್ಟಿಂಗ್ ತಪ್ಪಿರಲಿಲ್ಲ, ಕಳ್ಳ ಗಿರಾಕಿಗಳ ನೂಕುನುಗ್ಗಲಿತ್ತು.

‘ಕನೆಕ್ಷನ್ ರೆಫ್ಯೂಸ್ಡ್’ ಬಂದರೆ ಜನ ಇನ್ನೂ ಹೆದರುತ್ತಾರೆ. ಹೆದರಬೇಕಿಲ್ಲ, ಇದು ಟೈಮ್ ಔಟ್‌ಗಿಂತ ಒಳ್ಳೆಯ ಸುದ್ದಿ. ಬಹುಪಾಲು ಸಂದರ್ಭಗಳಲ್ಲಿ ಯಂತ್ರ ಸಿಕ್ಕಿದೆ, ದಾರಿ ಸರಿಯಿದೆ, ಆ ಪೋರ್ಟಿನಲ್ಲಿ ಕೇಳುವವರು ಮಾತ್ರ ಇಲ್ಲ. ಕರೆಂಟು ಬಂದ ಮೇಲೆ ಡೇಟಾಬೇಸ್ ಸೇವೆ ತಾನಾಗಿ ಏಳದೆ ಮಲಗಿರಬಹುದು. ಅಥವಾ ಎದ್ದಿದ್ದೂ ತನ್ನದೇ ಯಂತ್ರದ ಒಳಗಿನ ಮಾತನ್ನಷ್ಟೇ ಕೇಳುವಂತೆ ಹೊಂದಿಸಿರಬಹುದು. ಪೋಸ್ಟ್‌ಗ್ರೆಸ್ ಹಾಕಿದ ಹೊಸದರಲ್ಲಿ ಹೀಗೆಯೇ ಇರುತ್ತದೆ. ಉಬುಂಟುವಿನಲ್ಲಿ ಮೈಎಸ್‌ಕ್ಯೂಎಲ್ ಕೂಡ. ಅದು ದೋಷವಲ್ಲ, ಬೇಕೆಂದೇ ಇಟ್ಟ ಕಾವಲು. ‘ನೆಟ್‌ಸ್ಟಾಟ್’ ಆಜ್ಞೆ ಕೊಟ್ಟಾಗ ಪೋರ್ಟಿನ ಎದುರು 127.0.0.1 ಎಂದಿದ್ದರೆ ಒಳಗಿನವರಿಗೆ ಮಾತ್ರ, 0.0.0.0 ಎಂದಿದ್ದರೆ ಹೊರಗಿನಿಂದ ಬಂದವರಿಗೂ ಅದು ಕಿವಿಗೊಡುತ್ತದೆ.

‘ಆ್ಯಕ್ಸೆಸ್ ಡಿನೈಡ್’ ಅಥವಾ ‘ಲಾಗಿನ್ ಫೇಲ್ಡ್’ ಬಂದರೆ ನೆಟ್‌ವರ್ಕಿನ ಕೆಲಸ ಮುಗಿಯಿತು, ವಿಳಾಸ ಹುಡುಕುವುದನ್ನು ನಿಲ್ಲಿಸಿ. ತಕರಾರು ಹೆಸರು-ಪಾಸ್‌ವರ್ಡಿನದು. ಇಲ್ಲೊಂದು ಸೂಕ್ಷ್ಮವಿದೆ. ಮೈಎಸ್‌ಕ್ಯೂಎಲ್ ಈ ಸಾಲಿನಲ್ಲಿ ಬಳಕೆದಾರನ ಹೆಸರಿನ ಪಕ್ಕ ಒಂದು ವಿಳಾಸವನ್ನೂ ಬರೆಯುತ್ತದೆ. ಅದು ಸರ್ವರಿನ ವಿಳಾಸವಲ್ಲ, ನೀವು ಎಲ್ಲಿಂದ ಬಂದಿರಿ ಎಂದು ಅದು ಕಂಡ ವಿಳಾಸ. ಒಂದೇ ಹೆಸರಿನ ಬಳಕೆದಾರ ಒಳಗಿನಿಂದ ಬಂದರೆ ಬೇರೆ, ಹೊರಗಿನಿಂದ ಬಂದರೆ ಬೇರೆ ಎಂದು ಅದು ಲೆಕ್ಕ ಹಾಕುತ್ತದೆ. ಸರ್ವರ್ ಮುಂದೆ ಕೂತು ಹಾಕಿದರೆ ನಡೆಯುವ ಪಾಸ್‌ವರ್ಡು ಲ್ಯಾಪ್‌ಟಾಪಿನಿಂದ ನಡೆಯದಿರುವುದು ಹೀಗೆ. ಪೋಸ್ಟ್‌ಗ್ರೆಸ್ ಇವೆಲ್ಲವುಗಳಲ್ಲಿ ಪ್ರಾಮಾಣಿಕ ಎನ್ನಬೇಕು: ಯಾವ ಕಡತದಲ್ಲಿ ನಿಮ್ಮ ವಿಳಾಸಕ್ಕೆ ಅನುಮತಿಯ ಸಾಲು ಇಲ್ಲ ಎಂಬುದನ್ನು ಕಡತದ ಹೆಸರು ಹಿಡಿದೇ ಹೇಳುತ್ತದೆ. ಎಸ್‌ಕ್ಯೂಎಲ್ ಸರ್ವರ್ 18456 ಎಂಬ ಸಂಖ್ಯೆ ಕೊಟ್ಟು ಸುಮ್ಮನಾಗುತ್ತದೆ. ನಿಜವಾದ ಕಾರಣವನ್ನು ತನ್ನ ಲಾಗ್ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕಳ್ಳನಿಗೆ ಸುಳಿವು ಸಿಗಬಾರದೆಂಬ ಎಚ್ಚರ ಅದು, ಮಾಲೀಕನಿಗೆ ಕಿರಿಕಿರಿ.

‘ಅನ್‌ನೋನ್ ಡೇಟಾಬೇಸ್’ ಬಂದರೆ ಹೆಸರಿನ ಅಕ್ಷರ ನೋಡಿಕೊಳ್ಳಿ. ಹೊಸ ಹಣಕಾಸು ವರ್ಷಕ್ಕೆ ಹೊಸ ಡೇಟಾಬೇಸ್ ತೆರೆಯುವ ತಂತ್ರಾಂಶಗಳಲ್ಲಿ ಏಪ್ರಿಲ್ ಮೊದಲ ವಾರ ಇದು ಬರುವುದುಂಟು.

ಬೀದರ್‌ನ ಗುರುನಾನಕ್ ದೇವ್, ಭಾಲ್ಕಿಯ ಭೀಮಣ್ಣ ಖಂಡ್ರೆಯಂಥ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಬೇರೆ ಬಗೆಯ ತೊಡಕು. ಅವರ ಪ್ರೋಗ್ರಾಂ, ಡೇಟಾಬೇಸ್ ಎರಡೂ ಒಂದೇ ಲ್ಯಾಪ್‌ಟಾಪಿನಲ್ಲಿ. ಸರ್ವರಿನ ಜಾಗದಲ್ಲಿ ‘ಲೋಕಲ್‌ಹೋಸ್ಟ್’ ಎಂದು ಬರೆದರೆ ಸಾಕು, ಕೆಲಸ ಸಾಗುತ್ತದೆ. ಅದೇ ಪ್ರೋಗ್ರಾಮನ್ನು ಉಳಿದವುಗಳಿಂದ ಬೇರೆಯಾಗಿಡುವ ಡಾಕರ್ ಪೆಟ್ಟಿಗೆಯಲ್ಲೋ ವರ್ಚುವಲ್ ಯಂತ್ರದಲ್ಲೋ ಇಟ್ಟ ಕೂಡಲೇ ನಿಲ್ಲುತ್ತದೆ. ಲೋಕಲ್‌ಹೋಸ್ಟ್, ಅಂದರೆ 127.0.0.1, ಯಾವೊಂದು ಯಂತ್ರದ ಹೆಸರೂ ಅಲ್ಲ; ಹೇಳಿದವರಿಗೆ ‘ನಾನಿರುವಲ್ಲಿಯೇ’ ಎಂದು ಅರ್ಥ. ಪೆಟ್ಟಿಗೆಯೊಳಗಿನ ಪ್ರೋಗ್ರಾಂ ಹಾಗೆಂದರೆ ಪೆಟ್ಟಿಗೆಯೊಳಗೇ ಹುಡುಕುತ್ತದೆ, ಡೇಟಾಬೇಸ್ ಇರುವುದು ಹೊರಗೆ, ಆತಿಥೇಯ ಯಂತ್ರದಲ್ಲಿ. ಆತಿಥೇಯನನ್ನು ಒಳಗಿನಿಂದ ಕರೆಯಲು ಬೇರೆ ವಿಳಾಸಗಳಿವೆ: ವರ್ಚುವಲ್‌ಬಾಕ್ಸಿನ ನ್ಯಾಟ್ ವಿಧಾನದಲ್ಲಿ 10.0.2.2, ಆಂಡ್ರಾಯ್ಡ್ ಎಮ್ಯುಲೇಟರಿನಲ್ಲೂ ಅದೇ, ಡಾಕರ್ ಡೆಸ್ಕ್‌ಟಾಪಿನಲ್ಲಿ ‘ಹೋಸ್ಟ್ ಡಾಟ್ ಡಾಕರ್ ಡಾಟ್ ಇಂಟರ್ನಲ್’ ಎಂಬ ಹೆಸರು. ಲಿನಕ್ಸ್ ಡಾಕರಿನಲ್ಲಿ ಈ ಹೆಸರು ತಾನಾಗಿ ಸಿಗುವುದಿಲ್ಲ. ಪೆಟ್ಟಿಗೆ ಶುರು ಮಾಡುವಾಗ ‘ಹೋಸ್ಟ್-ಗೇಟ್‌ವೇ’ ಎಂದು ಸೇರಿಸಬೇಕು. ಹೀಗೆ ಒಂದೇ ಡೇಟಾಬೇಸಿಗೆ ಒಂದೇ ಹೊತ್ತಿನಲ್ಲಿ ನಾಲ್ಕಾರು ವಿಳಾಸ. ಯಾವುದು ಸರಿ ಎಂಬುದು ಕೇಳುವವರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಅವಲಂಬಿಸಿದೆ. ಸಹಪಾಠಿಯ ಸೆಟ್ಟಿಂಗ್ ಕಡತವನ್ನು ಹಾಗೇ ನಕಲು ಮಾಡಿಕೊಂಡವರು ರಾತ್ರಿಯೆಲ್ಲ ಒದ್ದಾಡುವುದು ಇದನ್ನು ಕಡೆಗಣಿಸಿದ್ದರಿಂದಲೇ.

ಮತ್ತೆ ಬೀಜದ ಅಂಗಡಿಗೆ ಬರೋಣ. ಇಷ್ಟಾದ ಮೇಲೆ ಮಾಲೀಕರಿಗೆ ಆಸೆ ಹುಟ್ಟುತ್ತದೆ. ಬೀದರ್‌ನಲ್ಲಿ ಮಗಳ ಮನೆಯಲ್ಲಿ ಕೂತು ಅಂಗಡಿಯ ದಾಸ್ತಾನು ನೋಡಬೇಕು. 192.168ರ ವಿಳಾಸ ಅಂಗಡಿಯ ಹೊರಗೆ ಉಪಯೋಗಕ್ಕಿಲ್ಲ. ಅಂಗಡಿಯ ಇಂಟರ್‌ನೆಟ್ ಮೊಬೈಲ್ ಕಂಪನಿಯದಾದರೆ ಅಂಗಡಿಗೆ ಹೊರಜಗತ್ತು ಗುರುತಿಸುವ ಸ್ವಂತ ವಿಳಾಸವೇ ಇರದಿರಬಹುದು. ನೂರಾರು ಗಿರಾಕಿಗಳು ಒಂದೇ ಹೊರವಿಳಾಸವನ್ನು ಹಂಚಿಕೊಳ್ಳುತ್ತಾರೆ. ಸ್ವಂತ ವಿಳಾಸ ಇದ್ದರೆ ಯಾರೋ ಬಂದು ರೂಟರಿನಲ್ಲಿ ಪೋರ್ಟ್ ತೆರೆದು ‘ಆಯ್ತು ನೋಡ್ರಿ’ ಎಂದು ಹೋಗುತ್ತಾರೆ. ಇದನ್ನು ಮಾತ್ರ ಮಾಡಿಸಬೇಡಿ.

ತೆರೆದ ಪೋರ್ಟಿನ ಅಪಾಯ ಎಂಥದೆಂದು ನೋಡಿ. 2003ರ ಜನವರಿ 25ರಂದು ಸ್ಲ್ಯಾಮರ್ ಎಂಬ ಕಂಪ್ಯೂಟರ್ ಹುಳು, ಮೇಲೆ ಹೇಳಿದ ಅದೇ 1434ರ ಪೋರ್ಟಿನ ಮೂಲಕ ನುಗ್ಗಿತು. ಇಡೀ ಹುಳು ಬರೀ 376 ಬೈಟ್. ಹತ್ತೇ ನಿಮಿಷದಲ್ಲಿ ಅದು ತಗಲಬಹುದಾದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತು ಅದರ ವಶವಾದವು. ಒಟ್ಟು ಸುಮಾರು 75,000. ಅಮೆರಿಕದಲ್ಲಿ ಎಟಿಎಂಗಳು ನಿಂತವು, ದಕ್ಷಿಣ ಕೊರಿಯಾದ ಇಂಟರ್‌ನೆಟ್ ಕುಸಿಯಿತು. ದೋಷಕ್ಕೆ ತೇಪೆ ಆರು ತಿಂಗಳ ಹಿಂದೆಯೇ ಸಿದ್ಧವಿತ್ತು. ಆದರೆ ಬೇರೆ ಯಾವುದೋ ತಂತ್ರಾಂಶದ ಜತೆ ಎಸ್‌ಕ್ಯೂಎಲ್ ಸರ್ವರಿನ ಚಿಕ್ಕ ಆವೃತ್ತಿಯೂ ತಮ್ಮ ಯಂತ್ರಕ್ಕೆ ಬಂದು ಕೂತಿದೆ ಎಂಬುದೇ ಅನೇಕರಿಗೆ ಗೊತ್ತಿರಲಿಲ್ಲ. ನಮ್ಮ ಬೀಜದ ಅಂಗಡಿಯವರಿಗೂ ಗೊತ್ತಿರುವುದಿಲ್ಲ. 2017ರ ಜನವರಿಯಲ್ಲಿ ಪಾಸ್‌ವರ್ಡೇ ಇಲ್ಲದೆ ತೆರೆದಿಟ್ಟಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸುಗಳನ್ನು ಕಳ್ಳರು ಅಳಿಸಿ, ಹಣ ಕೊಟ್ಟರೆ ಮರಳಿಸುತ್ತೇವೆ ಎಂಬ ಚೀಟಿ ಬಿಟ್ಟುಹೋದರು. ಪೋರ್ಟ್ ಸಂಖ್ಯೆ ಬದಲಿಸಿದರೆ ಸುರಕ್ಷಿತ ಎನ್ನುವುದೂ ಸುಳ್ಳು. ಎಲ್ಲ ಸಂಖ್ಯೆಗಳನ್ನೂ ತಟ್ಟಿ ನೋಡುವ ಯಂತ್ರಗಳು ಹಗಲುರಾತ್ರಿ ಅದೇ ಕೆಲಸದಲ್ಲಿವೆ.

ದೂರದಿಂದ ನೋಡಲೇಬೇಕೆಂದರೆ ವಿಪಿಎನ್ ಹಾಕಿಸಿಕೊಳ್ಳಬೇಕು. ಅಂಗಡಿಯ ಯಂತ್ರ ಮತ್ತು ಮಾಲೀಕರ ಮೊಬೈಲು ಎರಡೂ ಒಂದೇ ಖಾಸಗಿ ಜಾಲದೊಳಗೆ ಬರುತ್ತವೆ, ಡೇಟಾಬೇಸಿನ ಪೋರ್ಟು ಹೊರಗಿನವರಿಗೆ ಕಾಣುವುದಿಲ್ಲ, ಫೈರ್‌ವಾಲಿನಲ್ಲಿ ಆ ಜಾಲದ ವಿಳಾಸಗಳಿಗಷ್ಟೇ ದಾರಿ ಬಿಡಬಹುದು. ನೋಡಲಿಕ್ಕೆಂದೇ ಬೇರೊಬ್ಬ ಬಳಕೆದಾರನನ್ನು ಡೇಟಾಬೇಸಿನಲ್ಲಿ ತೆರೆದು, ಅವನಿಗೆ ಓದುವ ಅಧಿಕಾರ ಕೊಟ್ಟು ತಿದ್ದುವ ಅಧಿಕಾರ ಕೊಡದಿದ್ದರೆ ಇನ್ನೂ ಕ್ಷೇಮ. ಅಷ್ಟೆಲ್ಲ ಮಾಡಿಕೊಡುವವರು ಹತ್ತಿರದಲ್ಲಿ ಇಲ್ಲವಾದರೆ, ಸಂಜೆ ಅಂಗಡಿ ಮುಚ್ಚುವಾಗ ದಾಸ್ತಾನಿನ ಪಟ್ಟಿಯನ್ನು ಕೆಲಸದ ಹುಡುಗನಿಂದ ವಾಟ್ಸ್‌ಆ್ಯಪ್‌ಗೆ ತರಿಸಿಕೊಳ್ಳುವುದೇ ಮೇಲು.